ಗಟ್ಟಿ ಗಿಡವೆಂದರೆ ಯಾವುದು?

ಹೂದೋಟದ ಪುಸ್ತಕಗಳಲ್ಲಿ ಸೀಡಮ್ ಎಂಬ ಸಸ್ಯಕ್ಕೆ ವಿಶೇಷ ಮನ್ನಣೆಯುಂಟು. ಬಂಡೆಯ ಸಂದಿನಲ್ಲಿಯೂ ಬೇರೂರುವುದರಿಂದ ಇಂಗ್ಲಿಷರು ಇದನ್ನು ಸ್ಟೋನ್‌ಕ್ರಾಪ್ ಎಂದು ಕರೆಯುತ್ತಾರೆ. ಒಮ್ಮೆ ನೆಟ್ಟರೆ ವರ್ಷವರ್ಷವೂ ಚಿಗುರುವ ಗಟ್ಟಿ ಗಿಡವೆಂದು ಇದರ ಖ್ಯಾತಿ. ಆದರೆ ಯಾವುದಕ್ಕೆ ಗಟ್ಟಿ? ಯೂರೋಪಿನ ತೋಟಗಾರನ ಮಾತಿನಲ್ಲಿ, ಹಿಮಕ್ಕೆ. ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯಲ್ಲಾಗಲಿ ಜಗಳೂರಿನಲ್ಲಾಗಲಿ ಹಿಮ ಬೀಳುವುದಿಲ್ಲ. ಇಲ್ಲಿಯ ಗಿಡ ಎದುರಿಸಬೇಕಾದುದು ಬೇಸಗೆಯ ಬಿಸಿಲನ್ನು, ಮಳೆಗಾಲದಲ್ಲಿ ಬುಡದಲ್ಲಿ ನಿಲ್ಲುವ ನೀರನ್ನು. ಆದುದರಿಂದ ನಾವು ತರಿಸಿಕೊಳ್ಳಬೇಕಾದುದು ಹೊರನಾಡಿನ ಗಿಡವನ್ನಲ್ಲ. ಅರಿತುಕೊಳ್ಳಬೇಕಾದುದು ಅದರ ಗುಣವನ್ನು.

ಆ ಗುಣವಾದರೂ ಏನು? ಆಹಾರ ತಯಾರಿಕೆಗೆ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕಾಗಿ ಎಲೆಯ ರಂಧ್ರಗಳು ತೆರೆಯಬೇಕು. ತೆರೆದರೆ ನೀರಾವಿ ಹೊರಬೀಳುತ್ತದೆ. ಎಲೆಯ ಒಳಗೆ ಗಾಳಿ ಆವಿಯಿಂದ ತುಂಬಿರುತ್ತದೆ ಎಂದು ಭಾವಿಸೋಣ. ೩೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಅದರ ಒತ್ತಡ ಸುಮಾರು ೪೨ ಮಿಲಿಮೀಟರ್ ಪಾದರಸ. ಹೊರಗಿನ ಗಾಳಿಯ ತೇವ ಶೇಕಡಾ ೩೦ ಇದ್ದರೆ ಒಳಹೊರಗಿನ ಅಂತರ ಸುಮಾರು ೨೯ ಮಿಲಿಮೀಟರ್. ರಾತ್ರಿ ೨೦ ಡಿಗ್ರಿಯಲ್ಲಿ, ಶೇಕಡಾ ೮೦ ತೇವವಿದ್ದಾಗ, ಈ ಅಂತರ ಕೇವಲ ಮೂರೂವರೆ ಮಿಲಿಮೀಟರ್. ಎಂದರೆ ಆವಿಯನ್ನು ಹೊರದೂಡುವ ಒತ್ತಡ ಎಂಟನೆಯ ಒಂದು ಪಾಲಿಗಿಳಿಯಿತು. ಸೀಡಮ್ಮಿನ ಕುಟುಂಬದ ಅನೇಕ ಸಸ್ಯಗಳು ಈ ಲೆಕ್ಕವನ್ನು ಬಲ್ಲವೋ ಎಂಬಂತೆ ರಾತ್ರಿಯಲ್ಲಿ ರಂಧ್ರ ತೆರೆದು, ಹೀರಿದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಹಗಲಿನಲ್ಲಿ ರಂಧ್ರ ಮುಚ್ಚಿ, ಆಮ್ಲವನ್ನು ಒಡೆದು, ಬಿಡುಗಡೆಯಾದ ಅನಿಲವನ್ನು ಬಿಸಿಲಿನ ನೆರವಿನಿಂದ ಬಳಸಿಕೊಳ್ಳುತ್ತವೆ.

ಈ ಶೋಧದ ಮೊದಲ ಸುಳಿವುಗಳಲ್ಲೊಂದು ನಮ್ಮ ದೇಶದ್ದೇ ಎಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿಯದು. ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿ ಕಾಡುಬಸಳೆಯ ಎಲೆಯನ್ನು ಸವಿದು, ಬೆಳಗ್ಗೆ ಅದು ಹುಳಿಯಾಗಿರುವುದನ್ನೂ ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುವುದನ್ನೂ ಕಂಡನು. ೧೮೧೫ರಲ್ಲಿ ಇದು ಲಂಡನ್ನಿನ ಲಿನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲೆಯಂಚಿನಲ್ಲಿಯೇ ಮರಿಗಿಡ ಹುಟ್ಟಿಸುವ ಈ ಕಾಡುಬಸಳೆ ಸೀಡಮ್ಮಿನ ದಾಯಾದಿ. ಮಡಗಾಸ್ಕರಿನಿಂದ ಬಂದು ನಮ್ಮಲ್ಲಿ ನೆಲೆಯೂರಿದುದು.

ಕುಡಿಯುವ ನೀರಿಗೇ ಪರದಾಡುವ ಊರುಗಳಲ್ಲಿಯೂ ಶಾಲೆಯ ಮುಂದೆ ಹುಲ್ಲುಹಾಸು ಬೆಳೆಸಿ, ಬೇಸಗೆಯಲ್ಲಿ ಕೊಡಗಟ್ಟಲೆ ನೀರೆರೆಯುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. ಅದರ ಬದಲು ಜಲ್ಲಿ, ಮರಳು, ಕೆಮ್ಮಣ್ಣು ಬೆರೆಸಿದ ಎತ್ತರದ ಪಾತಿಯೊಂದನ್ನು ಕಟ್ಟಿ, ಕಾಡುಬಸಳೆಯನ್ನೂ ಅದರಂಥ ರಸಭರಿತ ಸಸ್ಯಗಳನ್ನೂ ನೆಡಲಿ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿದರೆ ಸಾಕು. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬರಕ್ಕೆ ಸಾಯದ ಗಿಡ ಅತಿಯಾದ ಆರೈಕೆಗೆ ಸಾಯುತ್ತದೆ.

ಇಂಥ ತೋಟದಲ್ಲಿ ಹುಲ್ಲಿನ ತಂಪಿಲ್ಲ, ಮಕ್ಕಳು ಹೊರಳಾಡುವಂತಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇವೆ. ತಂಪಿಗೆ ಬೇವು, ಹೊಂಗೆಗಳ ನೆರಳುಂಟು. ಕಾಡುಬಸಳೆ ದನಕರುಗಳಿಗೆ ವಿಷ. ಹರಡುವ ಸ್ವಭಾವವೂ ಅದಕ್ಕುಂಟು. ಬೇಲಿಯೊಳಗೆ, ಪಾತಿಯ ಮೇರೆಯಲ್ಲಿಯೇ ಅದನ್ನು ಇರಿಸತಕ್ಕದ್ದು. ಹೈನೆಯಂತೆ ವಿದ್ಯಾರ್ಥಿಗಳು ಅದನ್ನು ಸವಿಯಲೂ ಕೂಡದು. ಮುಂಜಾನೆಯ ಎಲೆಯನ್ನೂ ಸಂಜೆಯ ಎಲೆಯನ್ನೂ ಸಮತೂಕದಲ್ಲಿ ಅರೆದು, ಸಮನಾದ ನೀರಿನಲ್ಲಿ ಕದಡಿ ಸೋಸಿ, ಫಿನಾಲ್ಫ್ಥಲೀನ್ ಬೆರೆಸಿ, ಬಣ್ಣ ಬರುವವರೆಗೆ ಸುಣ್ಣದ ತಿಳಿನೀರಿನ ಹನಿಗಳನ್ನು ಎಣಿಸಲಿ. ಬೆಳಗಿನ ಎಲೆ ಹೆಚ್ಚು ಹನಿ ಬೇಡುವುದು. ನೀರುಳಿಸುವ ತೋಟವೇ ಪ್ರಯೋಗಶಾಲೆಯೂ ಆಗುವುದಾದರೆ, ನಮ್ಮ ಶಾಲೆಗಳು ಹಿಂಜರಿಯಲು ಕಾರಣವೇನಿದೆ?