‘ಎರಡು ಸಮುದ್ರಗಳು ಬೆರೆಯುವುದೇ ಇಲ್ಲ’ ಎಂಬ ಫೋಟೊ ನಿಜವೇ? ಆ ಕೆಸರಿಗೆ ಏನಾಗುತ್ತದೆ?

ವಾಟ್ಸ್ಆ್ಯಪ್‌ನಲ್ಲಿ ಈ ಫೋಟೊ ನಿಮಗೂ ಬಂದಿರಬಹುದು. ಒಂದು ಕಡೆ ಕಡುನೀಲಿ ನೀರು, ಇನ್ನೊಂದು ಕಡೆ ಬೂದು ನೀರು, ನಡುವೆ ನೊರೆಯ ಗೆರೆ. ‘ಎರಡು ಸಾಗರಗಳು ಸೇರುತ್ತವೆ, ಆದರೆ ಬೆರೆಯುವುದಿಲ್ಲ, ವಿಜ್ಞಾನಕ್ಕೂ ಉತ್ತರ ಗೊತ್ತಿಲ್ಲ’ ಎಂಬ ಒಕ್ಕಣೆ ಬೇರೆ.

ಉತ್ತರ ಗೊತ್ತಿದೆ. ಹೀಗೆ ಹರಿದಾಡಿದ ಒಂದು ಪ್ರಸಿದ್ಧ ಫೋಟೊ 2007ರಲ್ಲಿ ಸಮುದ್ರವಿಜ್ಞಾನಿ ಕೆನ್ ಬ್ರೂಲ್ಯಾಂಡ್ ಅಲಾಸ್ಕಾ ಕೊಲ್ಲಿಯಲ್ಲಿ ತೆಗೆದದ್ದು. ಅಲ್ಲಿರುವುದು ಒಂದೇ ಸಾಗರ, ಪೆಸಿಫಿಕ್. ಬೂದು ಬಣ್ಣ ಬಂದಿರುವುದು ಹಿಮನದಿಗಳು ಅರೆದ ನುಣ್ಣನೆಯ ಕಲ್ಲುಹುಡಿಯಿಂದ. ಅದನ್ನು ಕಾಪರ್‌ನಂತಹ ನದಿಗಳು ಹೊತ್ತು ತರುತ್ತವೆ. ಸಿಹಿನೀರು ಹಗುರ, ಹಾಗಾಗಿ ಸ್ವಲ್ಪ ಕಾಲ ಮೇಲೆ ಹರಡಿರುತ್ತದೆ, ಆಮೇಲೆ ಬೆರೆಯುತ್ತದೆ. ಮಳೆಗಾಲದಲ್ಲಿ ನೇತ್ರಾವತಿಯ ಅಳಿವೆಯಾಚೆ ಕಾಣುವ ಕೆಂಪು ನೀರಿನ ಕಥೆಯೂ ಇದೇ.

ನಿಜವಾದ ಕುತೂಹಲ ಇರುವುದು ಆ ಮಣ್ಣಿನಲ್ಲಿ. 2 ಮೈಕ್ರಾನ್‌ನ, ಅಂದರೆ ಒಂದು ಮಿಲಿಮೀಟರನ್ನು 500 ಭಾಗ ಮಾಡಿದಷ್ಟು ಚಿಕ್ಕ ಜೇಡಿಕಣ, ಅಲುಗಾಡದ ನೀರಿನಲ್ಲೂ 10 ಮೀಟರ್ ಕೆಳಗಿಳಿಯಲು ಸುಮಾರು ಒಂದು ತಿಂಗಳು ಬೇಕು. ಆದರೆ ಕಣಗಳು ಒಂಟಿಯಾಗಿ ಉಳಿಯುವುದಿಲ್ಲ. ಜೇಡಿಕಣಗಳ ಮೈಮೇಲೆ ಋಣ ವಿದ್ಯುದಾವೇಶ ಇರುವುದರಿಂದ ನದಿಯಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತವೆ. ಸಮುದ್ರದ ಉಪ್ಪು ಆ ತಳ್ಳಾಟವನ್ನು ಕುಗ್ಗಿಸುತ್ತದೆ. ಡಿಕ್ಕಿಯಾದ ಕಣಗಳು ಅಂಟಿಕೊಳ್ಳುತ್ತವೆ. ಕೆಸರು ನೀರಿನ ಕೊಡದಲ್ಲಿ ಪಟಿಕ ಆಡಿಸಿದರೆ ನೀರು ತಿಳಿಯಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಬ್ಯಾಕ್ಟೀರಿಯಾ, ಪಾಚಿಗಳು ಬಿಡುವ ಲೋಳೆ ಇಲ್ಲಿ ಗೋಂದಿನ ಕೆಲಸವನ್ನೂ ಮಾಡುತ್ತದೆ.

ಹೀಗಾದ ಮುದ್ದೆ ಗಟ್ಟಿ ಗೋಲಿಯಲ್ಲ, ಹಿಂಜಿದ ಹತ್ತಿಯಂತೆ. ದೊಡ್ಡ ಮುದ್ದೆಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಜಾಗ ನೀರಿನದೇ. ಬೆಳೆದಷ್ಟೂ ಸಡಿಲ: ಅಗಲ ಎರಡು ಪಟ್ಟಾದರೆ ಗಟ್ಟಿ ಗೋಲಿಯಲ್ಲಿ ಮಣ್ಣು ಎಂಟು ಪಟ್ಟಾಗುತ್ತದೆ, ಇಲ್ಲಿ ಸುಮಾರು ನಾಲ್ಕೇ ಪಟ್ಟು. ಆದರೂ ದೊಡ್ಡ ಮುದ್ದೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಇಳಿಯಬಲ್ಲದು. ಒಂದು ತಿಂಗಳ ದಾರಿ ಮೂರು ಗಂಟೆಯೊಳಗೆ ಮುಗಿಯಿತು! ಅಲೆಯ ರಭಸಕ್ಕೆ ಮುದ್ದೆ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಬಾಟಲಿಯಲ್ಲಿ ತುಂಬಿಕೊಂಡರೂ ಚೂರಾಗುವುದರಿಂದ ವಿಜ್ಞಾನಿಗಳು ಕ್ಯಾಮೆರಾವನ್ನೇ ನೀರಿಗಿಳಿಸಿ ಇವುಗಳ ಆಕಾರ ಅಳೆಯುತ್ತಾರೆ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಬಂದರಿನಲ್ಲಿ ಹೂಳು ಎಲ್ಲಿ ಕೂರುತ್ತದೆಂದು ನಿರ್ಧರಿಸುವುದು ಬಹುಮಟ್ಟಿಗೆ ಈ ಮುದ್ದೆಗಳೇ. ಸೀಸದಂತಹ ಲೋಹಗಳು, ಕೆಲವು ಕೀಟನಾಶಕಗಳು ಜೇಡಿಗೆ ಅಂಟಿಕೊಂಡು ಇವುಗಳ ಜೊತೆಗೇ ಮುಳುಗುತ್ತವೆ. ಮೇಲಿನ ನೀರು ತಿಳಿಯಾದರೂ ಅವು ತಳದ ಕೆಸರಿನಲ್ಲೇ ಇರುತ್ತವೆ, ಮುಂದಿನ ಬಿರುಗಾಳಿ ಬಂದು ಕದಡುವವರೆಗೆ.