ಮಿಕ್ಕ ಅಡಿಗೆ ಮತ್ತು ಮರೆಮಾಚಿದ ಮಾತು

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವ ನನ್ನಂಥವನಿಗೆ ಆರೋಗ್ಯದ ವಿಷಯದಲ್ಲಿ ಹೇಳುವುದಕ್ಕೆ ಏನಿದೆಯೆಂದು ಹಿಂಜರಿದೆ. ಆದರೆ ನಮ್ಮ ಮನೆಯಲ್ಲಿಯೇ ನಡೆದುಹೋದ ಒಂದು ಸಂಗತಿ ಮನಸ್ಸಿನಿಂದ ಮರೆಯಾಗಿಲ್ಲ. ಅದು ಮಿಕ್ಕ ಹಂದಿಮಾಂಸದ ಅಡಿಗೆಯನ್ನು ಇರಿಸಿಕೊಳ್ಳುವ ಬಗೆಗೆ ಸಂಬಂಧಿಸಿದ್ದು. ಈ ಹೆಸರನ್ನು ಕಂಡೊಡನೆ ಕೆಲವು ವಾಚಕರು ಪುಟವನ್ನು ಮಗುಚಬಹುದು. ದಯವಿಟ್ಟು ಹಾಗೆ ಮಾಡದಿರಬೇಕೆಂದು ಪ್ರಾರ್ಥನೆ. ಮಾಂಸಾಹಾರವನ್ನು ಎತ್ತಿಹಿಡಿಯಲು ಬರೆದ ಲೇಖನ ಇದಲ್ಲ. ಇಲ್ಲಿ ಹೇಳುವ ಮಾತಿನ ಬಹುಭಾಗ ಬಿಸಿಬೇಳೆ ಭಾತಿಗೂ ರಾತ್ರಿ ಮಿಕ್ಕ ಅನ್ನಕ್ಕೂ ಅನ್ವಯಿಸುತ್ತದೆ.

ಗುಜರಾತಿನ ಕನ್ನಡಿಗರಲ್ಲಿ ಹಲವು ಬಗೆಯ ಜನರಿದ್ದೇವೆ. ಕೊಡಗಿನವರಿಗೆ ಕೈಲ್ ಮುಹೂರ್ತವೆಂದರೆ ಪಂದಿಕರಿ, ಕಡಂಬುಟ್ಟು. ಮಂಗಳೂರಿನ ಕ್ರೈಸ್ತ ಬಾಂಧವರಿಗೆ ಕ್ರಿಸ್ಮಸ್ ಎಂದರೆ ಹಂದಿಮಾಂಸದ ಬಫಾತು, ಸಣ್ಣ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡ ಮೇಲೆ, ನನ್ನಂತೆ ವಡೋದರಾಕ್ಕೆ ವರ್ಗವಾಗಿ ಬಂದ ಕುಟುಂಬಗಳ ಪೆಟ್ಟಿಗೆಗಳಲ್ಲಿ ಕಾಚಂಪುಳಿಯ ಸೀಸೆಯೂ ಇತ್ತು. ಆದರೆ ಇಲ್ಲಿ ನಮ್ಮ ನೆರೆಹೊರೆಯೆಲ್ಲ ಸಸ್ಯಾಹಾರಿಗಳು. ಹಂದಿಮಾಂಸ ಬೇಕೆಂದಾಗ ದೊರೆಯುವ ವಸ್ತುವಲ್ಲ. ದೊರೆತ ದಿನ ನಾಲ್ಕೈದು ಕಿಲೋ ತಂದು, ಎರಡು ಮೂರು ಮನೆಯವರು ಕೂಡಿ, ಕಿಟಕಿ ಮುಚ್ಚಿ ಅಡಿಗೆ ಮಾಡುತ್ತೇವೆ. ಆದುದರಿಂದ ಮಿಗುವುದೂ ಹೆಚ್ಚು, ಮಿಕ್ಕುದನ್ನು ಚೆಲ್ಲಲು ಮನಸ್ಸು ಬಾರದಿರುವುದೂ ಸಹಜ.

ಕೆಲವು ವರ್ಷಗಳ ಕೆಳಗೆ, ಮೇ ತಿಂಗಳ ಒಂದು ಶನಿವಾರ ಹೀಗೆಯೇ ಆಯಿತು. ಊಟ ಮುಗಿಯುವಾಗ ರಾತ್ರಿ ಹತ್ತು ದಾಟಿತ್ತು. ಅರ್ಧ ಪಾತ್ರೆ ಮಿಕ್ಕಿತ್ತು. ಬಿಸಿ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡಬಾರದೆಂದು ಒಲೆಯ ಮೇಲೆಯೇ ಬಿಟ್ಟೆವು. ಬೆಳಿಗ್ಗೆ ಕೊಂಚ ಬಿಸಿಮಾಡಿ ಮಧ್ಯಾಹ್ನ ಉಂಡೆವು. ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಮೊದಲ ದಿನಕ್ಕಿಂತ ರುಚಿಯಾಗಿದೆಯೆಂದೇ ಹೊಗಳಿದೆವು. ಅಂದು ನಡುರಾತ್ರಿ ಹತ್ತು ವರ್ಷದ ನನ್ನ ಮಗನಿಗೆ ಹೊಟ್ಟೆನೋವು, ಭೇದಿ ಆರಂಭವಾದುವು. ಬೆಳಗಾಗುವಷ್ಟರಲ್ಲಿ ಮಗು ನಿಲ್ಲಲಾರದಷ್ಟು ಬಳಲಿತ್ತು.

ವೈದ್ಯರು ಗುಜರಾತಿ ಗೃಹಸ್ಥರು. ಏನು ತಿಂದಿರಿ ಎಂದು ಕೇಳಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಪಕ್ಕದ ಮನೆಯ ಬೆನ್ ನಮ್ಮೊಡನೆಯೇ ಬಂದಿದ್ದರು. “ಮನೆಯದೇ ಊಟ, ರೋಟಿ, ಶಾಕ್” ಎಂದುಬಿಟ್ಟೆ. ದೊಡ್ಡ ಮೊತ್ತದ ಚೆಕ್ಕಿನಲ್ಲಿ ಸಹಿ ಒಂದು ಗೆರೆ ತಪ್ಪಿದರೆ ಹಿಂದಿರುಗಿಸುವ ನಾನು, ಮಗನ ಪ್ರಾಣದ ವಿಷಯದಲ್ಲಿ ಸುಳ್ಳು ಲೆಕ್ಕ ಬರೆಸಿದೆ. ಅರ್ಧ ಗಂಟೆಯ ಮೇಲೆ ಒಬ್ಬನೇ ಒಳಗೆ ಹೋಗಿ ನಿಜವನ್ನು ಹೇಳಿದೆ. ಆ ಮಹನೀಯರು ಹುಬ್ಬನ್ನೂ ಏರಿಸಲಿಲ್ಲ. “ಸಾಹೇಬ್, ಯಾವ ಮಾಂಸವೆಂಬುದಕ್ಕಿಂತ ಪಾತ್ರೆ ಎಷ್ಟು ಹೊತ್ತು ಹೊರಗಿತ್ತೆಂಬುದು ನನಗೆ ಮುಖ್ಯ” ಎಂದರು. ಹದಿನಾಲ್ಕು ಗಂಟೆ ಎಂದು ಲೆಕ್ಕ ಹಾಕಿ ಹೇಳುವಾಗ ನನ್ನ ಧ್ವನಿ ನಡುಗಿತು. ಎರಡು ದಿನಗಳಲ್ಲಿ ಮಗು ಚೇತರಿಸಿಕೊಂಡಿತು.

ಅಂದು ಅವರು ತಿಳಿಸಿದುದನ್ನೂ, ಆಮೇಲೆ ನಾನು ಓದಿ ತಿಳಿದುದನ್ನೂ ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಕುದಿಯುವ ಸಾರಿನಲ್ಲಿಯೂ ಸಾಯುವುದಿಲ್ಲ. ಪಾತ್ರೆ ನಿಧಾನವಾಗಿ ಆರುವಾಗ ಅವು ಮೊಳೆತು ಬೆಳೆಯತೊಡಗುತ್ತವೆ. ಗಾಳಿಯಿಲ್ಲದ ಸ್ಥಳವೇ ಅವಕ್ಕೆ ಇಷ್ಟ. ಮೇಲೆ ನೆಣದ ಪದರ ಕಟ್ಟಿದರೆ ಅಡಿಗೆ ಕೆಡದೆಂದು ನಮ್ಮ ಅವ್ವ ಹೇಳುತ್ತಿದ್ದರು. ಆದರೆ ಗಾಳಿಯನ್ನು ತಡೆಯುವ ಆ ಪದರ ಈ ಜೀವಿಗೆ ಅನುಕೂಲವನ್ನೇ ಮಾಡಿಕೊಡುತ್ತದೆ. ಅದು ಅತಿ ವೇಗವಾಗಿ ಬೆಳೆಯುವುದು 43ರಿಂದ 47 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಆಗ ಹತ್ತು ನಿಮಿಷಗಳಷ್ಟರಲ್ಲಿ ಒಂದು ಎರಡಾಗುತ್ತದೆ. ಬ್ಯಾಂಕಿನ ಯಾವ ಠೇವಣಿಯೂ ಈ ವೇಗದಲ್ಲಿ ಬೆಳೆಯದು. ಅಹಮದಾಬಾದಿನ ಮೇ ತಿಂಗಳ ಮಧ್ಯಾಹ್ನ ಇದೇ ಉಷ್ಣತೆಯದು. 2016ರ ಮೇ 20ರಂದು ಅಲ್ಲಿ 48 ಡಿಗ್ರಿಯೇ ದಾಖಲಾಗಿತ್ತು.

ಹಾಗಾದರೆ ಊರಿನಲ್ಲಿ ಪಂದಿಕರಿಯನ್ನು ಎರಡು ಮೂರು ದಿನ ಇಟ್ಟು ಉಣ್ಣುತ್ತಿರಲಿಲ್ಲವೇ ಎಂದು ಕೇಳಬಹುದು. ಉಣ್ಣುತ್ತಿದ್ದೆವು. ಆದರೆ ಮಡಿಕೇರಿ ಇರುವುದು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ. ಅಲ್ಲಿಯ ರಾತ್ರಿ ತಂಪು. ಅವ್ವ ಹೊತ್ತು ತಪ್ಪದೆ ಬೆಳಿಗ್ಗೆ ಸಂಜೆ ಕೊತಕೊತನೆ ಕುದಿಸುತ್ತಿದ್ದರು. ಹೆಚ್ಚು ದಿನಕ್ಕೆ ಬೇಕಾದ ಮಾಂಸವನ್ನು ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸುತ್ತಿದ್ದರು. ಅಲ್ಲಿಯೂ ಅದು ಪೂರ್ಣ ನಿರ್ಭಯವಾದ ಪದ್ಧತಿಯೆಂದು ನಾನು ಹೇಳಲಾರೆ. ಕಾಚಂಪುಳಿಯ ಹುಳಿ ರುಚಿಗೆ ಸರಿ. ಪಾತ್ರೆಯನ್ನೆಲ್ಲ ಅದೇ ಕಾಯುವುದೆಂದು ನಂಬಬಾರದು. ಊರಿನ ರೂಢಿಯನ್ನು ತಂದೆವು, ಊರಿನ ಹವೆಯನ್ನು ತರಲಿಲ್ಲ.

ಈ ನಾಡಿನವರು ತಮ್ಮ ಹವೆಯನ್ನು ಬಲ್ಲರು. ಶ್ರಾವಣದ ಶೀತಳಾ ಸಾತಮ್ ದಿನ ಗುಜರಾತಿ ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಹಿಂದಿನ ದಿನ ರಾಂಧಣ ಛಠದಂದು ಮಾಡಿಟ್ಟುದನ್ನೇ ತಣ್ಣಗೆ ಉಣ್ಣುತ್ತಾರೆ. ಆದರೆ ಅವರು ಮಾಡಿಡುವುದು ಬಹುಮಟ್ಟಿಗೆ ಥೇಪ್ಲಾ, ಪೂರಿ, ಸುಖಡಿಯಂಥ ನೀರಿನಂಶ ಕಡಿಮೆಯಾದ ತಿನಿಸುಗಳನ್ನು. ಸಾರು ತುಂಬಿದ ಮಾಂಸದ ಪಾತ್ರೆ ಆ ಜಾತಿಗೆ ಸೇರಿದುದಲ್ಲ.

ಈಗ ನಮ್ಮ ಮನೆಯಲ್ಲಿ ಪಾಲಿಸುವ ಕ್ರಮ ಹೀಗಿದೆ. ಒಲೆಯಿಂದ ಇಳಿಸಿದ ಅಡಿಗೆ ಎರಡು ಗಂಟೆಗಳೊಳಗೆ ಫ್ರಿಜ್ಜನ್ನು ಸೇರಬೇಕು. ಹೊರಗೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುವುದರಿಂದ, ಎರಡು ಅಂಗುಲಕ್ಕಿಂತ ಆಳವಿಲ್ಲದ ಡಬ್ಬಿಗಳಿಗೆ ಹಂಚಿ, ಮಂಜುಗಡ್ಡೆ ಹಾಕಿದ ನೀರಿನ ಪರಾತದಲ್ಲಿಟ್ಟು ಬೇಗ ಆರಿಸಬೇಕು. ಇಷ್ಟು ಚಿಕ್ಕ ಪ್ರಮಾಣ ಕೊಂಚ ಬೆಚ್ಚಗಿದ್ದರೂ ಫ್ರಿಜ್ಜಿಗೆ ತೊಂದರೆಯಿಲ್ಲ. ಫ್ರಿಜ್ಜು 4 ಡಿಗ್ರಿಯಲ್ಲಿರಬೇಕು. ಅಲ್ಲಿ ಬೆಂದ ಮಾಂಸದ ಆಯುಸ್ಸು ಮೂರು, ಹೆಚ್ಚೆಂದರೆ ನಾಲ್ಕು ದಿನ.

ಅದಕ್ಕಿಂತ ಹೆಚ್ಚು ಕಾಲ ಬೇಕಾದುದು ಮೊದಲ ದಿನವೇ ಫ್ರೀಜರಿಗೆ ಹೋಗಬೇಕು. ಒಂದು ಹೊತ್ತಿಗೆ ಸಾಕಾಗುವಷ್ಟನ್ನೇ ಚಪ್ಪಟೆಯಾದ ಡಬ್ಬಿಯಲ್ಲಿ ತುಂಬಿ, ಹಿಗ್ಗಲು ಕೊಂಚ ಜಾಗ ಬಿಟ್ಟು, ಮುಚ್ಚಿ, ವೋಚರಿನ ಮೇಲೆ ಬರೆಯುವಂತೆ ತಾರೀಖು ಬರೆಯಬೇಕು. ಮೊದಲು ಬಂದದ್ದು ಮೊದಲು ಹೊರಡಬೇಕು. ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯವು, ಆದರೆ ಎಲ್ಲವೂ ಸಾಯುವುದಿಲ್ಲ, ನಿದ್ರಿಸುತ್ತವೆ ಅಷ್ಟೆ. ಹಂದಿಯ ನೆಣ ಕಾಲಕ್ರಮದಲ್ಲಿ ಕಮಟುವುದರಿಂದ ಎರಡು ಮೂರು ತಿಂಗಳೊಳಗೆ ಉಪಯೋಗಿಸುವುದು ಒಳ್ಳೆಯದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಮಂಜಿನ ಗೂಡು ಅಷ್ಟು ತಣ್ಣಗಾಗದಿರಬಹುದು. ಅದನ್ನು ನೆಚ್ಚಿ ತಿಂಗಳುಗಟ್ಟಲೆ ಇಡಬಾರದು.

ಕರಗಿಸುವುದನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮಾಡದೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಬೇಕು. ಬಿಸಿಮಾಡುವಾಗ ತಳದಿಂದ ತಿರುವುತ್ತ, ನಡುವಿನ ತುಂಡೂ 74 ಡಿಗ್ರಿ ಮುಟ್ಟುವಂತೆ ಚೆನ್ನಾಗಿ ಕುದಿಸಬೇಕು. ಉಣ್ಣುವಷ್ಟನ್ನೇ ಒಂದು ಸಲ ಬಿಸಿಮಾಡುವುದು ಲೇಸು. ಕುದಿಸಿದರೆ ಎಲ್ಲ ದೋಷವೂ ಹೋಗುವುದೆಂಬ ನಂಬಿಕೆಯೂ ತಪ್ಪು. ಕೈಯಿಂದ ಸೇರುವ ಸ್ಟೆಫಿಲೋಕಾಕಸ್, ಅನ್ನದಲ್ಲಿ ಬೆಳೆಯುವ ಬೆಸಿಲಸ್ ಸೀರಿಯಸ್, ಇವು ಬಿಡುವ ಕೆಲವು ವಿಷಗಳು ಕುದಿಸಿದರೂ ಅಳಿಯವು. ಸಸ್ಯಾಹಾರಿ ಬಂಧುಗಳು ಅನ್ನದ ಹೆಸರನ್ನು ಗಮನಿಸಬೇಕೆಂದು ವಿನಂತಿ.

ಇನ್ನೊಂದು ಮಾತು ವಿದ್ಯುತ್ತಿನದು. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿದಾಗಲೂ, 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ವಡೋದರಾವನ್ನು ಹೊಕ್ಕಾಗಲೂ ಅನೇಕ ಮನೆಗಳು ಕತ್ತಲಾದುವು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆ, ಅರ್ಧ ತುಂಬಿದ ಫ್ರೀಜರ್ 24 ಗಂಟೆ, ಪೂರ್ತಿ ತುಂಬಿದುದು 48 ಗಂಟೆ ತಂಪನ್ನು ಹಿಡಿದಿರುತ್ತದೆ. ಒಂದು ಲೋಟ ನೀರನ್ನು ಗಡ್ಡೆಕಟ್ಟಿಸಿ ಅದರ ಮೇಲೊಂದು ನಾಣ್ಯವಿಟ್ಟಿರಿ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಸೇರಿದ್ದರೆ ಫ್ರೀಜರಿನ ಅಡಿಗೆಯನ್ನೆಲ್ಲ ಚೆಲ್ಲಬೇಕು. ಪ್ರವಾಹದ ನೀರು ತಾಗಿದ ಪೊಟ್ಟಣವನ್ನಂತೂ ಇಡಲೇಬಾರದು.

ಅನ್ನವನ್ನು ಚೆಲ್ಲುವುದು ಪಾಪವೆಂದು ಕಲಿತು ಬೆಳೆದವರು ನಾವು. ನನ್ನ ಅಭಿಪ್ರಾಯದಲ್ಲಿ, ಹೊತ್ತು ಮೀರಿದುದನ್ನು ಮಗುವಿನ ತಟ್ಟೆಗೆ ಬಡಿಸುವುದು ಅದಕ್ಕಿಂತ ದೊಡ್ಡ ಪಾಪ. ನೆರೆಯವರ ಮನಸ್ಸು ನೋಯದಂತೆ ಕಿಟಕಿ ಮುಚ್ಚುವುದು ಸೌಜನ್ಯ. ಅದನ್ನು ನಾನು ಈಗಲೂ ಮಾಡುತ್ತೇನೆ. ಆದರೆ ವೈದ್ಯರ ಮುಂದೆ ಬಾಯಿ ಮುಚ್ಚುವುದು ಸೌಜನ್ಯವಲ್ಲ. ಏನನ್ನು ಉಂಡೆವು, ಎಷ್ಟು ಹೊತ್ತು ಇಟ್ಟಿದ್ದೆವು ಎಂಬ ಎರಡು ಮಾತುಗಳನ್ನು ಸಂಕೋಚವಿಲ್ಲದೆ ಹೇಳಿರಿ.

ಅಂದು ನಾವು ಆಸ್ಪತ್ರೆಯಿಂದ ಮರಳಿದಾಗ ಆ ಪಕ್ಕದ ಮನೆಯ ಬೆನ್ ಮಗುವಿಗೆ ಮೆತ್ತಗಿನ ಖಿಚಡಿ ತಂದುಕೊಟ್ಟರು. ನಮ್ಮ ಮನೆಯಲ್ಲಿ ಏನು ಬೇಯುತ್ತದೆಯೆಂಬುದು ಅವರಿಗೆ ಮೊದಲಿನಿಂದಲೂ ತಿಳಿದಿತ್ತಂತೆ.