ಬೀಗದಕೈಗಳ ಲೆಕ್ಕ

ಗೃಹಸ್ಥರಾದವರು ವರ್ಷಕ್ಕೊಮ್ಮೆಯಾದರೂ ಪಾತ್ರೆಪದಾರ್ಥಗಳನ್ನೂ ಒಡವೆವಸ್ತುಗಳನ್ನೂ ಎಣಿಸಿ ನೋಡುವುದುಂಟು. ಆದರೆ ಬೀಗದಕೈಗಳು ಎಷ್ಟಿವೆ, ಯಾರ ಯಾರ ಕೈಯಲ್ಲಿವೆ ಎಂದು ಎಣಿಸುವವರು ವಿರಳ. ಪಾತ್ರೆಗಳ ಎಣಿಕೆಯಿಂದ ಇದುವರೆಗೆ ಕಳೆದುಹೋದುದು ತಿಳಿಯುವುದು. ಬೀಗದಕೈಗಳ ಎಣಿಕೆಯಿಂದ ಮುಂದೆ ಕಳೆದುಹೋಗಬಹುದಾದುದು ತಿಳಿಯುವುದು. ಇಂದು ನಮ್ಮ ಠೇವಣಿಯ ಲೆಕ್ಕ, ಮಕ್ಕಳ ಅಂಕಪಟ್ಟಿ, ರೋಗಿಗಳ ವೃತ್ತಾಂತ ಮೊದಲಾದವೆಲ್ಲವೂ ಡೇಟಾಬೇಸ್ ಸರ್ವರ್ ಎಂಬ ಯಂತ್ರಭಂಡಾರದಲ್ಲಿ ಸೇರಿವೆ. ಆ ಭಂಡಾರದ ಬೀಗದಕೈಗಳನ್ನು ಎಣಿಸುವ ಕ್ರಮವನ್ನು ಈ ತಿಂಗಳು ವಾಚಕಮಹಾಶಯರ ಮುಂದಿಡಲು ಬಯಸುತ್ತೇವೆ.

ಈ ಭಂಡಾರದಲ್ಲಿ ಓದುವುದು, ಹೊಸದಾಗಿ ಬರೆಯುವುದು, ಬರೆದುದನ್ನು ತಿದ್ದುವುದು, ಅಳಿಸುವುದು ಎಂಬ ಒಂದೊಂದು ಕಾರ್ಯಕ್ಕೂ ಬೇರೆ ಬೇರೆ ಅನುಮತಿಯುಂಟು. ಅನುಮತಿಯನ್ನು ಕೊಡುವ, ಪಡೆದವನು ಅದನ್ನು ಮತ್ತೊಬ್ಬನಿಗೆ ದಾಟಿಸುವ, ಕೊಟ್ಟುದನ್ನು ಹಿಂದಕ್ಕೆ ಪಡೆಯುವ ಕ್ರಮವನ್ನು ಐಬಿಎಂ ಸಂಸ್ಥೆಯ ಗ್ರಿಫಿತ್ಸ್ ಮತ್ತು ವೇಡ್ ಎಂಬವರು 1976ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ನೂರಾರು ಜನರಿರುವಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಅನುಮತಿಗಳನ್ನು ಕೊಡುತ್ತ ಹೋಗುವುದು ಕಷ್ಟಸಾಧ್ಯ. ಆದುದರಿಂದ ಅನುಮತಿಯನ್ನು ಗುಂಪಿಗೆ ಕೊಟ್ಟು, ಜನರನ್ನು ಆ ಗುಂಪಿನ ಸದಸ್ಯರನ್ನಾಗಿ ಮಾಡುವರು. ಒಂದು ಗುಂಪು ಇನ್ನೊಂದು ಗುಂಪಿನ ಒಳಗೆ ಸೇರುವುದೂ ಉಂಟು. ಸೌಕರ್ಯವೂ ಅಪಾಯವೂ ಎರಡೂ ಇಲ್ಲಿಂದಲೇ ಹುಟ್ಟುವುವು.

ದೃಷ್ಟಾಂತಕ್ಕಾಗಿ ಒಂದು ಸಹಕಾರ ಸಂಘವನ್ನು ಭಾವಿಸೋಣ. ಸಾಲದ ಅರ್ಜಿಗಳನ್ನು ದಾಖಲೆಮಾಡುವವರದೊಂದು ಗುಂಪು, ಅವುಗಳನ್ನು ಮಂಜೂರು ಮಾಡುವವರದು ಮತ್ತೊಂದು. ದಾಖಲೆಯ ಗುಮಾಸ್ತನಿಗೆ ಬಡ್ತಿಯಾಗಿ ಅವನನ್ನು ಮಂಜೂರಾತಿಯ ಗುಂಪಿಗೆ ಸೇರಿಸುವರು. ಹಳೆಯ ಗುಂಪಿನಿಂದ ತೆಗೆಯಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಅಂದಿನಿಂದ ಅರ್ಜಿಯನ್ನು ಬರೆಯುವವನೂ ಅವನೇ, ಮಂಜೂರು ಮಾಡುವವನೂ ಅವನೇ. ಅವನು ಸಜ್ಜನನಾಗಿದ್ದರೆ ಏನೂ ಆಗದು. ಅಲ್ಲದಿದ್ದರೆ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಗಿ, ಜೀವಮಾನದ ಉಳಿತಾಯವನ್ನು ಅಲ್ಲಿ ಇಟ್ಟ ಬಡ ಠೇವಣಿದಾರರು ಕೆಡುವರು. ಇಲ್ಲಿ ಬೀಗವನ್ನು ಒಡೆದವರಾರೂ ಇಲ್ಲ. ಬೀಗದಕೈಯನ್ನು ಕೇಳಿ ತೆಗೆದುಕೊಳ್ಳದೆ ಬಿಟ್ಟುದೊಂದೇ ದೋಷ.

ಇದರ ಪರಿಶೋಧನೆಗೆ ಮೂರು ಪಟ್ಟಿಗಳು ಬೇಕು. ಭಂಡಾರವನ್ನು ಪ್ರವೇಶಿಸಬಲ್ಲವರ ಹೆಸರುಗಳು ಮೊದಲನೆಯದು. ಇದನ್ನು ಸಂಬಳದ ಪುಸ್ತಕದೊಡನೆ ಹೋಲಿಸಿದರೆ ಕೆಲಸ ಬಿಟ್ಟುಹೋದವರ ಹೆಸರುಗಳು ಹೊರಬೀಳುವುವು. ಯಾರು ಯಾವ ಗುಂಪಿನಲ್ಲಿರುವರು, ಆ ಗುಂಪು ಯಾವುದರೊಳಗಿದೆ ಎಂಬುದು ಎರಡನೆಯದು; ಇದನ್ನು ಕೊನೆಯ ಮೆಟ್ಟಿಲವರೆಗೂ ಹಿಡಿದು ಹೋಗಬೇಕು. ಒಂದೊಂದು ಗುಂಪಿಗೂ ಇರುವ ಅನುಮತಿಗಳು ಮೂರನೆಯದು. ಮೂರನ್ನೂ ಕೂಡಿಸಿದಾಗಲೇ ಒಬ್ಬೊಬ್ಬನ ನಿಜವಾದ ಅಧಿಕಾರವು ಗೋಚರವಾಗುವುದು.

ಒಬ್ಬನ ಹೆಸರಿನ ಮುಂದೆ ಬರೆದಿರುವುದನ್ನಷ್ಟೇ ನೋಡಿ ತೃಪ್ತರಾಗುವವರು ಮೋಸಹೋಗುವರು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಬ್ಬನ ಹೆಸರಿನಿಂದ ಅನುಮತಿಯನ್ನು ಕಿತ್ತುಹಾಕಿದರೂ, ಗುಂಪಿನ ಮೂಲಕ ಬಂದ ಅದೇ ಅನುಮತಿಯು ಹಾಗೆಯೇ ಉಳಿಯುವುದು. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರಿನಲ್ಲಿ ಸ್ಪಷ್ಟವಾಗಿ ನಿಷೇಧಿಸುವ ಆಜ್ಞೆಯೊಂದುಂಟು. ಆದರೆ ಸಿಸ್‌ಅಡ್ಮಿನ್ ಎಂಬ ಪರಮಾಧಿಕಾರದ ಗುಂಪಿನವರನ್ನು ಅದು ಕಟ್ಟಿಹಾಕಲಾರದು. ಅಲ್ಲಿಯೇ ವಿಂಡೋಸ್ ಗುಂಪೊಂದಕ್ಕೆ ಪ್ರವೇಶವನ್ನು ಕೊಟ್ಟಿದ್ದರೆ, ಭಂಡಾರದ ಪಟ್ಟಿಯಲ್ಲಿ ಗುಂಪಿನ ಹೆಸರೊಂದೇ ಇರುವುದು. ಸದಸ್ಯರ ಹೆಸರುಗಳು ಬೇರೊಂದು ಕಡೆಯ ದಾಖಲೆಯಲ್ಲಿರುವುವು. ಪರಿಶೋಧಕನು ಆ ದಾಖಲೆಯನ್ನೂ ತರಿಸಿ ನೋಡತಕ್ಕುದು.

ಸರ್ವರೂ ಸೇರಿರುವ ಗುಂಪೊಂದುಂಟು. ಅದರ ಹೆಸರು ಪಬ್ಲಿಕ್. ಅದಕ್ಕೆ ಕೊಟ್ಟ ಅನುಮತಿಯು ಊರಬಾವಿಯ ನೀರಿನಂತೆ ಎಲ್ಲರದು. ಪೋಸ್ಟ್‌ಗ್ರೆಸ್ಸಿನಲ್ಲಿ ಪಬ್ಲಿಕ್ ಎಂಬ ಹೆಸರಿನದೇ ಒಂದು ಸಾಮಾನ್ಯ ವಿಭಾಗವಿದೆ. ಅದರಲ್ಲಿ ಹೊಸ ಕೋಷ್ಟಕಗಳನ್ನು ರಚಿಸುವ ಅನುಮತಿಯು ಮೊದಲು ಎಲ್ಲರಿಗೂ ತಾನಾಗಿಯೇ ದೊರೆಯುತ್ತಿದ್ದಿತು. 2022ರಲ್ಲಿ ಬಂದ 15ನೆಯ ಆವೃತ್ತಿಯಲ್ಲಿ ಇದನ್ನು ನಿಲ್ಲಿಸಿದರು. ಆದರೆ ಹಳೆಯ ಭಂಡಾರವನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯ ಅನುಮತಿಯೂ ಜೊತೆಯಲ್ಲಿಯೇ ಬರುವುದು. ಹೊಸ ಬಾಗಿಲನ್ನು ಇಡಿಸಿದೆವೆಂದು ಹಳೆಯ ಬೀಗದಕೈಯನ್ನು ಮರೆಯಲಾಗದು.

ಇಷ್ಟೆಲ್ಲ ಶೋಧನೆಯು ನೌಕರರಿಗೆ ಅವಮಾನವಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲವೆಂದು ನಮ್ಮ ಅಭಿಪ್ರಾಯ. ಅಧಿಕಾರಿಗಳು ದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಣಿಸಿರುವನು. ಅಧಿಕಾರಸ್ಥಾನಗಳಲ್ಲಿ ಒಬ್ಬನೇ ಮುಖ್ಯನಾಗಿರದೆ ಹಲವರಿರಬೇಕು, ಅವರೂ ಶಾಶ್ವತವಾಗಿ ಅಲ್ಲಿಯೇ ಇರಬಾರದು ಎಂಬುದೂ ಅವನ ಮತ. ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿ, ಒಬ್ಬೊಬ್ಬನಿಗೂ ಅವನ ಕಾರ್ಯಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರತಕ್ಕುದೆಂಬುದನ್ನು ಗಣಕಯಂತ್ರಗಳಿಗೆ ಒಂದು ತತ್ತ್ವವಾಗಿ ವಿಧಿಸಿದರು. ಕೈಯಲ್ಲಿ ಬೀಗದಕೈ ಇಲ್ಲದವನ ಮೇಲೆ ಸಂದೇಹವೂ ಬಾರದು. ಆದುದರಿಂದ ಈ ಶೋಧನೆಯು ಪ್ರಾಮಾಣಿಕನಿಗೆ ರಕ್ಷೆಯೇ ಹೊರತು ಶಿಕ್ಷೆಯಲ್ಲ. ಆದರೆ ಅನುಮತಿಯನ್ನು ಕೊಡುವವನೇ ಅದರ ಪರಿಶೋಧಕನೂ ಆಗಿರಬಾರದು.

ನಮ್ಮ ಪಾರ್ಲಿಮೆಂಟು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಜನರ ವಿವರಗಳಿಗೆ ತಕ್ಕ ಕಾವಲನ್ನು ಒದಗಿಸದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶವಿತ್ತಿದೆ. ಆದರೆ ದಂಡವು ನಷ್ಟವಾದ ಮೇಲಿನ ಮಾತು. ವಾಚಕರಲ್ಲಿ ಅನೇಕರು ಯಾವುದಾದರೊಂದು ಸಂಘದ ಷೇರುದಾರರೋ ಶಾಲೆಯ ಸಮಿತಿಯ ಸದಸ್ಯರೋ ಆಗಿರುವರು. ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಪ್ರಶ್ನೆಗಳು ಮುಗಿದ ಬಳಿಕ ಅವರು ಈ ಮೂರನ್ನೂ ಕೇಳಲಿ: ಅನುಮತಿಗಳ ಪಟ್ಟಿಯನ್ನು ಕಡೆಯ ಸಲ ಪರೀಕ್ಷಿಸಿದುದು ಎಂದು? ಪರೀಕ್ಷಿಸಿದವರು ಯಾರು? ಬಿಟ್ಟುಹೋದವರ ಮತ್ತು ವರ್ಗವಾದವರ ಹೆಸರುಗಳನ್ನು ಹಳೆಯ ಗುಂಪುಗಳಿಂದ ತೆಗೆದುಹಾಕಿದುದಾಯಿತೆ? ಉತ್ತರವು ತಡವರಿಸಿದರೆ ಪಟ್ಟಿಯನ್ನು ಅಂದೇ ತರಿಸತಕ್ಕುದು.